ಕಾಯಿನ್ ಸಾಗಿಸಿ, ಕೀ ಸಾಗಿಸಬೇಡಿ

2021ರ ಜನವರಿಯಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಹ್ಯಾಕಿಂಗ್ ಆರೋಪಿಯೊಬ್ಬನಿಂದ 31 ಬಿಟ್‌ಕಾಯಿನ್ ವಶಪಡಿಸಿಕೊಂಡಿದ್ದೇವೆ, ಅದರ ಬೆಲೆ ಸುಮಾರು 9 ಕೋಟಿ ರೂಪಾಯಿ ಎಂದು ಪ್ರಕಟಿಸಿದರು. ಅದೇ ವರ್ಷದ ನವೆಂಬರ್ ಹೊತ್ತಿಗೆ ಇದೇ ಪ್ರಕರಣ ಬಿಟ್‌ಕಾಯಿನ್ ಹಗರಣವೆಂದು ರಾಜ್ಯದ ರಾಜಕೀಯವನ್ನೇ ಅಲುಗಿಸಿತ್ತು. ಆಗ ನಗರ ಪೊಲೀಸರು ಕೊಟ್ಟ ವಿವರಣೆ ಇದು: ವಾಲೆಟ್ ಮತ್ತೆ ತೆರೆದು ನೋಡಿದಾಗ ಅದರಲ್ಲಿ 186.811 ಬಿಟ್‌ಕಾಯಿನ್ ಕಾಣಿಸಿದವು. ಆರೋಪಿ ತನ್ನದೆಂದು ತೋರಿಸಿದ್ದು ಕಾಯಿನ್ ಕೊಂಡು ಮಾರುವ ಎಕ್ಸ್‌ಚೇಂಜ್ ಒಂದರ ಚಾಲ್ತಿ ವಾಲೆಟ್. ಅದರ ಪ್ರೈವೇಟ್ ಕೀ ಅವನ ಬಳಿ ಇರಲೇ ಇಲ್ಲ. ಆದ್ದರಿಂದ ಅದನ್ನು ಮುಟ್ಟದೆ ಬಿಡಲಾಯಿತು. 2023ರಲ್ಲಿ ಬಂದ ಹೊಸ ಸರ್ಕಾರ ಇದರ ಮರು ತನಿಖೆಗೆ ವಿಶೇಷ ತಂಡ ರಚಿಸಿತು.

ಪ್ರಕರಣದ ಸರಿತಪ್ಪು ನ್ಯಾಯಾಲಯದಲ್ಲಿ ತೀರ್ಮಾನವಾಗಲಿ. ಆದರೆ ಕನ್ನಡದ ಓದುಗರಿಗೆ ಪ್ರೈವೇಟ್ ಕೀ ಎಂಬ ಮಾತು ದಿನಪತ್ರಿಕೆಯ ಮುಖಪುಟದಲ್ಲಿ ಸಿಕ್ಕಿದ್ದು ಆಗಲೇ. ಪರದೆಯ ಮೇಲೆ ಬ್ಯಾಲೆನ್ಸ್ ಕಾಣುವುದು ಬೇರೆ, ಅದು ನಮ್ಮ ಕೈಯಲ್ಲಿರುವುದು ಬೇರೆ ಎಂಬುದು ಅಷ್ಟು ದೊಡ್ಡ ಇಲಾಖೆಯ ಮುಂದೆಯೇ ಬಯಲಾಯಿತು. ದಾವಣಗೆರೆ, ಹರಿಹರದಂಥ ಊರುಗಳ ಮನೆಗಳಲ್ಲಿ ಈಗ ಅದೇ ಪ್ರಶ್ನೆ ಸಣ್ಣ ಪ್ರಮಾಣದಲ್ಲಿ ಏಳುತ್ತಿದೆ. 2017ರ ಡಿಸೆಂಬರ್‌ನಲ್ಲಿ ಬಿಟ್‌ಕಾಯಿನ್ ಬೆಲೆ 20,000 ಡಾಲರ್ ಸಮೀಪಿಸಿದಾಗ, ಮತ್ತೆ 2021ರಲ್ಲಿ ಅದು 60,000 ದಾಟಿದಾಗ, ಇಲ್ಲಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿದ್ದವರು, ಓದು ಮುಗಿಸಿ ಬೆಂಗಳೂರಿಗೆ ಹೋದವರು ಐದೋ ಹತ್ತೋ ಸಾವಿರ ಹಾಕಿ ಮರೆತಿದ್ದರು. 2024ರ ಡಿಸೆಂಬರ್‌ನಲ್ಲಿ ಬೆಲೆ ಒಂದು ಲಕ್ಷ ಡಾಲರ್ ದಾಟಿದ ಮೇಲೆ ಹಳೇ ಫೋನು, ಹಳೇ ಲ್ಯಾಪ್‌ಟಾಪು ಹುಡುಕುವ ಕೆಲಸ ಶುರುವಾಗಿದೆ. ಸಿಕ್ಕಿದ ಮೇಲೆ ಬರುವ ಮುಂದಿನ ಪ್ರಶ್ನೆ, ಹಳೇ ವಾಲೆಟ್‌ನಿಂದ ಹೊಸದಕ್ಕೆ ಇದನ್ನು ಹೇಗೆ ತರುವುದು ಎಂಬುದು. ಕಾಯಿನ್ ಕಳೆದುಹೋಗುವುದು ಬಹಳ ಸಲ ಇದೇ ಹಂತದಲ್ಲಿ.

ಮೊದಲು ಕೀ ಎಂದರೇನು ನೋಡೋಣ. ಬಿಟ್‌ಕಾಯಿನ್ ಆಗಲಿ ಇಥೀರಿಯಮ್ ಆಗಲಿ, ವಾಲೆಟ್ ಎಂಬ ಆ್ಯಪ್‌ನೊಳಗೆ ಯಾವ ಕಾಯಿನ್ನೂ ಇರುವುದಿಲ್ಲ. ಯಾವ ವಿಳಾಸಕ್ಕೆ ಎಷ್ಟು ಸೇರಬೇಕು ಎಂಬ ಲೆಕ್ಕ ಜಗತ್ತಿನಾದ್ಯಂತ ಹರಡಿದ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಬಹಿರಂಗವಾಗಿಯೇ ಇರುತ್ತದೆ. ವಾಲೆಟ್ ಇಟ್ಟುಕೊಳ್ಳುವುದು ಆ ಲೆಕ್ಕ ಬದಲಿಸಲು ಬೇಕಾದ ಸಹಿಯ ಗುಟ್ಟನ್ನು ಮಾತ್ರ. ಆ ಗುಟ್ಟು 256 ಬಿಟ್‌ಗಳ ಒಂದು ಸಂಖ್ಯೆ. ದಶಮಾಂಶದಲ್ಲಿ ಬರೆದರೆ 78 ಅಂಕಿಗಳವರೆಗೆ ಹೋಗುತ್ತದೆ. ಬಿಟ್‌ಕಾಯಿನ್‌ನ ಹಳೇ ವಾಲೆಟ್‌ಗಳು ಇದನ್ನು 51 ಅಥವಾ 52 ಅಕ್ಷರಗಳ ಸಾಲಾಗಿ ತೋರಿಸುತ್ತಿದ್ದವು. ಸಾಲು 5ರಿಂದಲೋ, ಇಂಗ್ಲಿಷಿನ ದೊಡ್ಡ ಕೆ ಅಥವಾ ಎಲ್ ಅಕ್ಷರದಿಂದಲೋ ಶುರುವಾಗುತ್ತಿತ್ತು. ಸೊನ್ನೆಗೂ ಓ ಅಕ್ಷರಕ್ಕೂ ಗೊಂದಲವಾಗದಿರಲಿ ಎಂದು ಎರಡನ್ನೂ ಬಿಟ್ಟೇ ಈ ಬರಹವನ್ನು ರೂಪಿಸಿದ್ದರು. ಡೈರಿಯಲ್ಲಿ, ಹಳೇ ಇಮೇಲ್‌ನಲ್ಲಿ ಇಂಥ ಸಾಲು ಕಂಡರೆ ಅದನ್ನು ಕಸವೆಂದು ಎಸೆಯಬೇಡಿ.

ನಮ್ಮ ಕಡೆ ಸಿಗುವ ಹಳೇ ವಾಲೆಟ್‌ಗಳಲ್ಲಿ ಒಂದಷ್ಟಕ್ಕೆ ಒಂದು ಇತಿಹಾಸವಿದೆ. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಕ್ರಿಪ್ಟೊ ವ್ಯವಹಾರಸ್ಥರಿಗೆ ಸೇವೆ ಕೊಡಬಾರದೆಂದು ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿತು. ಮೂರು ತಿಂಗಳ ಗಡುವು ಕೊಟ್ಟಿತು. ಎಕ್ಸ್‌ಚೇಂಜ್‌ಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದವು. ಝೆಬ್‌ಪೇ 2018ರ ಸೆಪ್ಟೆಂಬರ್‌ನಲ್ಲಿ ಭಾರತದ ವಹಿವಾಟು ನಿಲ್ಲಿಸಿತು, ಕಾಯಿನೆಕ್ಸ್ 2019ರ ಜೂನ್‌ನಲ್ಲಿ ಮುಚ್ಚಿತು. ಬೆಂಗಳೂರಿನ ಮಾಲ್ ಒಂದರಲ್ಲಿ 2018ರ ಅಕ್ಟೋಬರ್‌ನಲ್ಲಿ ಯುನೋಕಾಯಿನ್ ಇಟ್ಟ ಬಿಟ್‌ಕಾಯಿನ್ ಯಂತ್ರವನ್ನು ಪೊಲೀಸರು ಹೊತ್ತೊಯ್ದು, ಸ್ಥಾಪಕರನ್ನು ಬಂಧಿಸಿದ್ದೂ ಆ ದಿನಗಳಲ್ಲೇ. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಆದರೆ ನಡುವಿನ ಎರಡು ವರ್ಷದಲ್ಲಿ, ಕೀ ಎಂದರೇನೆಂದು ತಿಳಿಯದವರೂ ಕೈಗೆ ಸಿಕ್ಕ ಆ್ಯಪ್ ಹಾಕಿಕೊಂಡು, ಕೀ ಹುಟ್ಟಿಸಲು ಅದು ತೋರಿಸುವ ಹನ್ನೆರಡು ಪದ ಬರೆದುಕೊಂಡು, ಕಾಯಿನ್‌ಗಳನ್ನು ಅಲ್ಲಿಗೆ ತಂದು ಇಳಿಸಬೇಕಾಯಿತು. ಅವಸರದಲ್ಲಿ ಮಾಡಿದ ವಾಲೆಟ್ ಅದು. ಅಂಥದರಿಂದ ಹೊರಗೆ ಬರುವಾಗ ಅವಸರ ಬೇಡ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಳೇ ವಾಲೆಟ್‌ನಿಂದ ಹೊಸದಕ್ಕೆ ಬರಲು ಎರಡು ದಾರಿ ಇವೆ. ಮೊದಲನೆಯದು ಇಂಪೋರ್ಟ್: ಹಳೇ ಕೀಯನ್ನೋ ಹನ್ನೆರಡು ಪದಗಳನ್ನೋ ಹೊಸ ಆ್ಯಪ್‌ಗೆ ಟೈಪ್ ಮಾಡುವುದು. ಬ್ಯಾಲೆನ್ಸ್ ಕೂಡಲೇ ಕಾಣುತ್ತದೆ, ಶುಲ್ಕ ಬೀಳುವುದಿಲ್ಲ, ಎಲ್ಲ ಮುಗಿಯಿತು ಅನ್ನಿಸುತ್ತದೆ. ಎರಡನೆಯದು ಸ್ವೀಪ್: ಹೊಸ ವಾಲೆಟ್‌ನಲ್ಲಿ ಹೊಚ್ಚ ಹೊಸ ಕೀ ಹುಟ್ಟಿಸಿ, ಹಳೇ ಕೀಯಿಂದ ಸಹಿ ಹಾಕಿ, ಕಾಯಿನ್‌ಗಳನ್ನು ಹೊಸ ವಿಳಾಸಕ್ಕೆ ಕಳಿಸಿಬಿಡುವುದು. ಇದಕ್ಕೆ ನೆಟ್‌ವರ್ಕ್ ಶುಲ್ಕ ಕೊಡಬೇಕು, ಸ್ವಲ್ಪ ಕಾಯಬೇಕು. ಬಾಡಿಗೆ ಮನೆ ಬದಲಿಸುವವರು ಹಳೇ ಮನೆಯ ಬೀಗವನ್ನೇ ಕಿತ್ತು ತಂದು ಹೊಸ ಬಾಗಿಲಿಗೆ ಹಾಕಿದರೆ, ಅದರ ನಕಲಿ ಕೀಲಿಕೈ ಯಾರ ಜೇಬಿನಲ್ಲಿದೆಯೋ ಅವರಿಗೆ ಹೊಸ ಮನೆಯೂ ತೆರೆದಂತೆ. ಇಂಪೋರ್ಟ್ ಮಾಡಿದಾಗ ಆಗುವುದು ಇದೇ.

ಹಳೇ ಕೀಯ ನಕಲು ಬೇರೆಯವರ ಕೈಗೆ ಹೇಗೆ ಹೋಗುತ್ತದೆ ಎಂದು ಕೇಳಬಹುದು. ಯಾರೂ ಕದಿಯದೆಯೂ ಹೋಗಬಹುದು ಎಂಬುದಕ್ಕೆ ಕಳೆದ ಹತ್ತು ಹನ್ನೆರಡು ವರ್ಷದ ದಾಖಲೆ ಸಾಕ್ಷಿ. 2013ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್ ಫೋನುಗಳು ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವುದರಲ್ಲೇ ದೋಷವಿದೆ ಎಂದು ಗೊತ್ತಾಯಿತು. ಆಗ ಬಿಟ್‌ಕಾಯಿನ್ ತಂತ್ರಜ್ಞರು ಬಳಕೆದಾರರಿಗೆ ಕೊಟ್ಟ ಸಲಹೆ, ಆ್ಯಪ್ ಅಪ್‌ಡೇಟ್ ಮಾಡಿ ಹೊಸ ವಿಳಾಸ ಹುಟ್ಟಿಸಿ ನಿಮ್ಮ ಹಣವನ್ನು ನಿಮಗೇ ಕಳಿಸಿಕೊಳ್ಳಿ ಎಂಬುದಾಗಿತ್ತು. ಬ್ರೌಸರ್‌ನಲ್ಲಿ ಮಾಡಿದ ವಾಲೆಟ್‌ಗಳ ಕಥೆ ಇನ್ನೂ ತಡವಾಗಿ ಹೊರಬಿತ್ತು. 2011ರಿಂದ 2015ರ ನಡುವೆ ಬಿಟ್‌ಕಾಯಿನ್ ಜೆಎಸ್ ಎಂಬ ತಂತ್ರಾಂಶ ಬಳಸಿ ಹುಟ್ಟಿದ ಕೀಗಳು ಊಹಿಸಲು ಸಾಧ್ಯವಾಗುವಷ್ಟು ದುರ್ಬಲವಾಗಿರಬಹುದು ಎಂದು ಅನ್‌ಸೈಫರ್ಡ್ ಸಂಸ್ಥೆ 2023ರ ನವೆಂಬರ್‌ನಲ್ಲಿ ಬಹಿರಂಗಪಡಿಸಿತು. ಅದೇ ವರ್ಷ ಲಿಬ್‌ಬಿಟ್‌ಕಾಯಿನ್ ಎಂಬ ಉಪಕರಣದ ದೋಷವೂ ಬಯಲಾಯಿತು: 24 ಪದಗಳ ಪಟ್ಟಿ ಎಷ್ಟೇ ಉದ್ದ ಕಂಡರೂ ಅದರ ಹಿಂದೆ ಇದ್ದದ್ದು ಕೇವಲ 32 ಬಿಟ್‌ಗಳ ಬೀಜ, ಅಂದರೆ ಸುಮಾರು 429 ಕೋಟಿ ಸಾಧ್ಯತೆ. ಮನುಷ್ಯನಿಗೆ ಅದು ದೊಡ್ಡ ಸಂಖ್ಯೆ. ಕಂಪ್ಯೂಟರಿಗೆ ಅಲ್ಲ. ಕಳ್ಳರು ಪ್ರತಿಯೊಂದನ್ನೂ ಪರೀಕ್ಷಿಸಿ, ಹಣ ಇದ್ದಲ್ಲಿ ಬಾಚಿಕೊಂಡರು. 2022ರ ಆಗಸ್ಟ್‌ನಲ್ಲಿ ಬಯಲಾದ, ಸೊಲಾನಾ ಜಾಲದ ಸ್ಲೋಪ್ ವಾಲೆಟ್‌ನ ಪ್ರಕರಣ ಮತ್ತೊಂದು ಬಗೆ. ಆ ಆ್ಯಪ್ ಬಳಕೆದಾರರ ಗುಟ್ಟಿನ ಪದಗಳನ್ನು ಮುಚ್ಚುಮರೆ ಇಲ್ಲದ ಅಕ್ಷರಗಳಲ್ಲಿ ತನ್ನ ದೋಷವರದಿ ಸರ್ವರ್‌ಗೆ ಕಳಿಸುತ್ತಿತ್ತು.

ಇಂಥ ಕೀಯನ್ನು ಜಗತ್ತಿನ ಅತ್ಯುತ್ತಮ ಹಾರ್ಡ್‌ವೇರ್ ವಾಲೆಟ್‌ಗೆ, ಅಂದರೆ ಕೀ ಕಾಯಲೆಂದೇ ಮಾಡಿದ ಸಾಧನಕ್ಕೆ, ಇಂಪೋರ್ಟ್ ಮಾಡಿದರೂ ಪ್ರಯೋಜನವಿಲ್ಲ. ದೋಷ ಇರುವುದು ಕೀಯಲ್ಲಿ, ಪೆಟ್ಟಿಗೆಯಲ್ಲಲ್ಲ. ಇಥೀರಿಯಮ್ ಮಾದರಿಯ ವಾಲೆಟ್‌ಗಳಲ್ಲಿ ಇನ್ನೊಂದು ತೊಡಕಿದೆ. ಯಾವುದೋ ಕಾಲದಲ್ಲಿ ಯಾವುದೋ ತಾಣಕ್ಕೆ ನನ್ನ ಟೋಕನ್ ನೀನು ತೆಗೆಯಬಹುದು ಎಂದು ಕೊಟ್ಟ ಅನುಮತಿ ಆ ವಿಳಾಸಕ್ಕೆ ಅಂಟಿಕೊಂಡೇ ಇರುತ್ತದೆ. ಆ್ಯಪ್ ಬದಲಿಸಿದರೆ ಅದು ಹೋಗುವುದಿಲ್ಲ, ಅನುಮತಿಯನ್ನೇ ರದ್ದು ಮಾಡಬೇಕು ಇಲ್ಲವೇ ವಿಳಾಸ ಬದಲಿಸಬೇಕು. ಹೀಗಾಗಿ ನನ್ನ ಅಭಿಪ್ರಾಯ ಖಚಿತ: ಶುಲ್ಕ ಉಳಿಸಲೆಂದು ಇಂಪೋರ್ಟ್ ಮಾಡುವುದು, ಮೊತ್ತ ನೂರಾರು ರೂಪಾಯಿಯದಲ್ಲದಿದ್ದರೆ, ತಪ್ಪು ಉಳಿತಾಯ. ಹಳೇ ಕೀಯಲ್ಲಿ ಏನಿದೆ ಎಂದು ನೋಡಲು ಒಮ್ಮೆ ತೆರೆಯಬೇಕಾಗಬಹುದು, ನಿಜ. ತೆರೆದ ದಿನವೇ ಖಾಲಿ ಮಾಡಿ.

ಬಿಟ್‌ಕಾಯಿನ್ ಕೋರ್ ಎಂಬ ಕಂಪ್ಯೂಟರ್ ತಂತ್ರಾಂಶದ ಹಳೇ ಬಗೆಯ ವಾಲೆಟ್ ಇರುವವರಿಗೆ ಒಂದು ಮಾತು. ಅದರ ಮೊದಮೊದಲ ಆವೃತ್ತಿಗಳು ಒಂದಕ್ಕೊಂದು ಸಂಬಂಧವಿಲ್ಲದ 100 ಕೀಗಳನ್ನು ಮುಂಗಡ ಹುಟ್ಟಿಸಿ ಇಡುತ್ತಿದ್ದವು, ಮುಗಿದಂತೆ ಹೊಸದನ್ನು ಸೇರಿಸುತ್ತಿದ್ದವು. ಪೆನ್‌ಡ್ರೈವ್‌ನಲ್ಲಿಟ್ಟ ಹಳೇ ಪ್ರತಿಯಲ್ಲಿ ಆಮೇಲಿನ ಕೀಗಳು ಇರುವುದಿಲ್ಲ. ಸಾಲದ್ದಕ್ಕೆ, ಬಿಟ್‌ಕಾಯಿನ್‌ನಲ್ಲಿ ಒಂದು ಭಾಗ ಕಳಿಸಿದರೆ ಮಿಕ್ಕ ಚಿಲ್ಲರೆ ಹೊಸ ವಿಳಾಸಕ್ಕೆ ಹೋಗಿ ಕೂರುತ್ತದೆ. ಕಾಗದದ ಮೇಲೆ ಮುದ್ರಿಸಿದ ಒಂದೇ ಕೀಯಿಂದ ಅರ್ಧ ಖರ್ಚು ಮಾಡಿ, ಉಳಿದರ್ಧ ಆ ಕಾಗದದಲ್ಲೇ ಇದೆ ಎಂದು ನಂಬಿ, ಆ್ಯಪ್ ಅಳಿಸಿದವರು ಹಣ ಕಳೆದುಕೊಂಡಿದ್ದು ಹೀಗೆಯೇ. ಅದಕ್ಕೇ ಸ್ವೀಪ್ ಮಾಡುವಾಗ ಪೂರ್ತಿ ಮಾಡಬೇಕು. 2025ರ ಅಕ್ಟೋಬರ್‌ನಲ್ಲಿ ಬಂದ ಬಿಟ್‌ಕಾಯಿನ್ ಕೋರ್‌ನ 30ನೇ ಆವೃತ್ತಿ ಹಳೇ ಬಗೆಯ ವಾಲೆಟ್ ಕಡತವನ್ನು ನೇರವಾಗಿ ತೆರೆಯುವುದಿಲ್ಲ, ಹೊಸ ರೂಪಕ್ಕೆ ಪರಿವರ್ತಿಸಬೇಕು. ಪರಿವರ್ತಿಸುವ ಮುಂಚೆ ಮೂಲ ಕಡತದ ಎರಡು ಪ್ರತಿ ಬೇರೆ ಬೇರೆ ಡ್ರೈವ್‌ಗಳಲ್ಲಿ ಇರಲೇಬೇಕು.

ಹರಿಹರದ ಪರಿಚಿತರೊಬ್ಬರ ಮನೆಯಲ್ಲಿ ಈ ಸಾಗಣೆಯನ್ನು ಪಕ್ಕದಲ್ಲಿ ಕೂತು ನೋಡಿದೆ. ತಂದೆ ನಿವೃತ್ತರು, ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಟೀಪಾಯಿ ಮೇಲೆ ಪರದೆ ಬಿರಿದ ಹಳೇ ಫೋನು, ಪಕ್ಕದಲ್ಲಿ ಹೊಸದಾಗಿ ತರಿಸಿದ ಹಾರ್ಡ್‌ವೇರ್ ವಾಲೆಟ್, ಒಂದು ನೋಟ್‌ಬುಕ್ಕು. ಹಳೇ ಫೋನಿನ ಆ್ಯಪ್ ತೆರೆಯಲೇ ಇಲ್ಲ. ಅದರ ಕಂಪನಿ ಎಂದೋ ಕೈಬಿಟ್ಟಿತ್ತು. ಬರೆದಿಟ್ಟ ಹನ್ನೆರಡು ಪದಗಳನ್ನು ಬೇರೊಂದು ಆ್ಯಪ್‌ಗೆ ಹಾಕಿದರೆ ಬ್ಯಾಲೆನ್ಸ್ ಸೊನ್ನೆ.

“ಏನಪಾ ಇದು, ಏನೂ ಇಲ್ಲ ಅಂತ ತೋರಿಸ್ತಾ ಐತೆ?” ಎಂದರು ತಂದೆ.

“ಕಾಯಿನ್ ಎಲ್ಲೂ ಹೋಗಿಲ್ಲ ಅಪ್ಪಾಜಿ, ಈ ಆ್ಯಪ್ ಬೇರೆ ಕಡೆ ಹುಡುಕ್ತಾ ಐತೆ” ಎಂದ ಮಗ.

ಅವನ ಮಾತು ಸರಿ. ಹನ್ನೆರಡು ಪದಗಳಿಂದ ಒಂದಲ್ಲ, ಎಣಿಸಲಾಗದಷ್ಟು ಕೀಗಳು ಹುಟ್ಟುತ್ತವೆ. ಯಾವ ಕ್ರಮದಲ್ಲಿ ಹುಟ್ಟಿಸಬೇಕು ಎಂಬುದಕ್ಕೆ ಡೆರಿವೇಶನ್ ಪಾತ್ ಎಂಬ ಜಾಡು ಇರುತ್ತದೆ. ಬಿಟ್‌ಕಾಯಿನ್‌ನಲ್ಲಿ ಹಳೇ ವಿಳಾಸಗಳಿಗೆ 44, ನಡುಗಾಲದವಕ್ಕೆ 49, ಈಚಿನವಕ್ಕೆ 84 ಮತ್ತು 86 ಎಂಬ ಸಂಖ್ಯೆಯ ಜಾಡುಗಳಿವೆ. ಹೊಸ ಆ್ಯಪ್ 84ರಲ್ಲಿ ಹುಡುಕಿತು, ಕಾಯಿನ್ 44ರಲ್ಲಿತ್ತು. ಜಾಡು ಬದಲಿಸಿದೊಡನೆ ಮೊತ್ತ ಬಂತು. ಕೆಲವು ಆ್ಯಪ್‌ಗಳು ಸತತ 20 ವಿಳಾಸ ಖಾಲಿ ಕಂಡರೆ ಹುಡುಕುವುದನ್ನೇ ನಿಲ್ಲಿಸುತ್ತವೆ, ಅದರಾಚೆಯ ಮೊತ್ತ ಕಾಣುವುದಿಲ್ಲ. ಎಲೆಕ್ಟ್ರಮ್ ವಾಲೆಟ್‌ನ ಪದಗಳಂತೂ ಬೇರೆಯದೇ ಪದ್ಧತಿಯವು. ಅದರ ಹಳೇ ಆವೃತ್ತಿಗೆ 1626 ಪದಗಳ ಸ್ವಂತ ಪಟ್ಟಿಯೇ ಇತ್ತು, ಬೇರೆ ವಾಲೆಟ್‌ಗಳು ಅದನ್ನು ಒಪ್ಪುವುದಿಲ್ಲ. ಸೊನ್ನೆ ಕಂಡ ಗಾಬರಿಯಲ್ಲಿ ಸಹಾಯವಾಣಿ ಎಂದು ಹುಡುಕಿ, ಸಿಕ್ಕ ನಂಬರಿಗೆ ಪದಗಳನ್ನು ಹೇಳಿಬಿಡುವವರಿದ್ದಾರೆ. ಆ ಕ್ಷಣಕ್ಕಾಗಿಯೇ ವಂಚಕರು ಕಾದಿರುತ್ತಾರೆ. ಯಾವ ನಿಜವಾದ ಕಂಪನಿಯೂ ಆ ಪದಗಳನ್ನು ಕೇಳುವುದಿಲ್ಲ.

ಮುಂದಿನ ಕೆಲಸದಲ್ಲಿ ಆ ಮಗ ತೋರಿಸಿದ ತಾಳ್ಮೆ ನನಗೆ ಮೆಚ್ಚುಗೆಯಾಯಿತು. ಹೊಸ ವಾಲೆಟ್‌ನಲ್ಲಿ ಪದಗಳು ಮೂಡಿದವು, ತಂದೆಯೇ ಕೈಯಾರೆ ಬರೆದರು. ಹಣ ಕಳಿಸುವ ಮೊದಲೇ ಆ ಸಾಧನವನ್ನು ಪೂರ್ತಿ ಅಳಿಸಿ, ಬರೆದ ಪದಗಳಿಂದ ಮತ್ತೆ ಎಬ್ಬಿಸಿದರು. ಅದೇ ವಿಳಾಸ ಬಂತು. ಬರೆದದ್ದು ಸರಿಯಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ, ಖಾಲಿ ಇರುವಾಗ ತಪ್ಪಾದರೆ ನಷ್ಟವೂ ಇಲ್ಲ. ಆಮೇಲೆ ಸಣ್ಣ ಮೊತ್ತ ಕಳಿಸಿ, ಅದು ಖಚಿತವಾಗುವವರೆಗೆ ಕಾದರು. ವಿಳಾಸದ ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿ ಬಿಡುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. 2024ರ ಮೇ ತಿಂಗಳಲ್ಲಿ ಒಬ್ಬರು ಹಾಗೆ ನೋಡಿಯೇ, ತುದಿಮೊದಲು ಒಂದೇ ರೀತಿ ಇರುವಂತೆ ವಂಚಕ ಮಾಡಿಟ್ಟ ವಿಳಾಸಕ್ಕೆ ಸುಮಾರು 6.8 ಕೋಟಿ ಡಾಲರ್ ಕಳಿಸಿದ್ದರು. ಇವರಿಬ್ಬರು ಒಬ್ಬರು ಓದುತ್ತ, ಒಬ್ಬರು ನೋಡುತ್ತ, ನಡುವಿನ ಅಕ್ಷರಗಳನ್ನೂ ಬಿಡದೆ ತಾಳೆ ನೋಡಿದರು.

ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಟಿ ಎಂಬ ಕಾಯಿನ್ ಇಟ್ಟವರು ನೆಟ್‌ವರ್ಕ್ ಯಾವುದೆಂದು ನೋಡಿಯೇ ಕಳಿಸಬೇಕು. ಟ್ರಾನ್ ಜಾಲದ ಯುಎಸ್‌ಡಿಟಿ ಸಾಗಿಸಲು ಅದೇ ವಾಲೆಟ್‌ನಲ್ಲಿ ಶುಲ್ಕಕ್ಕೆ ಸ್ವಲ್ಪ ಟಿಆರ್‌ಎಕ್ಸ್ ಬೇಕು, ಇಥೀರಿಯಮ್ ಜಾಲದ್ದಾದರೆ ಈಥರ್ ಬೇಕು. ಇದನ್ನೇ ಬಳಸುವ ಮೋಸವೊಂದಿದೆ: ಅಮಾಯಕನಂತೆ ನಟಿಸಿ ಯಾರೋ ತಮ್ಮ ಹನ್ನೆರಡು ಪದಗಳನ್ನೇ ನಿಮಗೆ ಕಳಿಸುತ್ತಾರೆ, ಒಳಗೆ ಯುಎಸ್‌ಡಿಟಿ ಕಾಣುತ್ತದೆ, ಸಾಗಿಸಲು ನೀವು ಟಿಆರ್‌ಎಕ್ಸ್ ಹಾಕುತ್ತೀರಿ, ಆದರೆ ಸಹಿಯ ಅಧಿಕಾರ ಮೊದಲೇ ಬೇರೆ ಕೀಗೆ ವರ್ಗವಾಗಿರುತ್ತದೆ. ಹಾಕಿದ್ದು ಹೋಯಿತು.

ಪದಗಳನ್ನು ಬರೆದಿಡುವ ವಿಷಯದಲ್ಲಿ ಕನ್ನಡಿಗರಿಗೇ ಬರುವ ಒಂದು ತೊಡಕನ್ನು ಬಿಡಿಸಿ ಹೇಳಬೇಕು. 2013ರಲ್ಲಿ ರೂಪುಗೊಂಡ ಬಿಐಪಿ 39 ಪದ್ಧತಿಯಲ್ಲಿ ಪಟ್ಟಿಗೆ 2048 ಪದ. ಇಂಗ್ಲಿಷ್, ಜಪಾನಿ, ಕೊರಿಯನ್, ಚೀನಿ, ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್, ಜೆಕ್, ಪೋರ್ಚುಗೀಸ್ ಪಟ್ಟಿಗಳಿವೆ. ಭಾರತದ ಒಂದು ಭಾಷೆಯದೂ ಇಲ್ಲ. ನಮ್ಮ ಹಿರಿಯರು ಮಕ್ಕಳು ಓದಿ ಹೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಸುಲಭ ಎಂದುಕೊಳ್ಳುತ್ತಾರೆ. ಅಲ್ಲೇ ಅಪಾಯವಿರುವುದು. ಬಲಗಡೆ ಎಂಬ ಅರ್ಥದ ರೈಟ್ ಪಟ್ಟಿಯಲ್ಲಿದೆ, ಬರೆಯುವುದು ಎಂಬ ಅರ್ಥದ ರೈಟ್ ಕೂಡ ಇದೆ. ಶಾಂತಿಯ ಪೀಸ್ ಇದೆ, ತುಂಡಿನ ಪೀಸ್ ಕೂಡ ಇದೆ. ಕನ್ನಡದಲ್ಲಿ ಎರಡೂ ಒಂದೇ. ಇಂಗ್ಲಿಷ್ ಅಕ್ಷರದಲ್ಲೇ, ದೊಡ್ಡಕ್ಷರದಲ್ಲಿ, ಕ್ರಮಸಂಖ್ಯೆ ಹಾಕಿ ಬರೆಯಬೇಕು. ಪಟ್ಟಿಯ ಯಾವ ಎರಡು ಪದಕ್ಕೂ ಮೊದಲ ನಾಲ್ಕು ಅಕ್ಷರ ಒಂದೇ ಆಗಿರುವುದಿಲ್ಲ ಎಂಬುದು ಅನುಕೂಲದ ಸಂಗತಿ. ನಾಲ್ಕಕ್ಷರ ಬರೆದರೂ ಪದ ಯಾವುದೆಂದು ಖಚಿತವಾಗುತ್ತದೆ. ಪದಗಳಿಗೆ ಪಾಸ್‌ಫ್ರೇಸ್ ಎಂಬ ಹೆಚ್ಚುವರಿ ಗುಟ್ಟು ಸೇರಿಸಿದ್ದರೆ ಅದನ್ನೂ ಬರೆದು ಬೇರೆಡೆ ಇಡಬೇಕು. ಅದಿಲ್ಲದೆ ಪದಗಳು ಸರಿಯಿದ್ದರೂ ತೆರೆಯುವುದು ಬೇರೊಂದು ಖಾಲಿ ವಾಲೆಟ್.

ಬರೆದ ಕಾಗದಕ್ಕೆ ನಮ್ಮೂರಲ್ಲಿ ಶತ್ರುಗಳು ಹಲವು. ಗೆದ್ದಲು ಒಂದು. ಮಳೆಗಾಲದಲ್ಲಿ ತುಂಗಭದ್ರೆ ತುಂಬಿ ಹರಿದರೆ ಹರಿಹರದ ಗಂಗಾನಗರದಂಥ ತಗ್ಗು ಬಡಾವಣೆಗೆ ನೀರು ನುಗ್ಗುವುದು ಎಲ್ಲರಿಗೂ ಗೊತ್ತು. ಅದಕ್ಕೆಂದು ಲ್ಯಾಮಿನೇಶನ್ ಮಾಡಿಸಲು ಹೋಗುವವರಿಗೆ ಕೈಮುಗಿದು ಹೇಳುತ್ತೇನೆ, ಹೋಗಬೇಡಿ. ಇಲ್ಲಿ ಜೆರಾಕ್ಸ್ ಅಂಗಡಿಯ ವಾಟ್ಸ್‌ಆ್ಯಪ್ ನಂಬರಿಗೆ ಫೋಟೊ ಕಳಿಸಿ ಪ್ರಿಂಟ್ ತೆಗೆಸುವುದು ಆಧಾರ್ ಕಾರ್ಡಿನಿಂದ ಹಿಡಿದು ಎಲ್ಲಕ್ಕೂ ರೂಢಿ. ಕೀ ಹಾಗೆ ಹೋದರೆ ಅದು ನಿಮ್ಮ ಫೋನಿನಲ್ಲಿ, ಅಂಗಡಿಯ ಕಂಪ್ಯೂಟರಿನಲ್ಲಿ, ಗೂಗಲ್ ಫೋಟೋಸ್‌ನಲ್ಲಿ ಮೂರು ಕಡೆ ಉಳಿಯಿತು. ಫೋನಿನ ಗ್ಯಾಲರಿಯಲ್ಲಿರುವ ಚಿತ್ರಗಳನ್ನು ಓದಿ ವಾಲೆಟ್ ಪದಗಳನ್ನೇ ಹುಡುಕುವ ಸ್ಪಾರ್ಕ್‌ಕ್ಯಾಟ್ ಎಂಬ ಕುತಂತ್ರಾಂಶ ಗೂಗಲ್ ಪ್ಲೇ ಮತ್ತು ಆ್ಯಪಲ್ ಆ್ಯಪ್ ಸ್ಟೋರ್ ಎರಡರಲ್ಲೂ ನುಸುಳಿತ್ತು ಎಂದು ಕ್ಯಾಸ್ಪರ್‌ಸ್ಕಿ 2025ರ ಫೆಬ್ರವರಿಯಲ್ಲಿ ವರದಿ ಮಾಡಿದೆ. ಸ್ಕ್ರೀನ್‌ಶಾಟ್ ತೆಗೆದಿದ್ದವರು ಈಗ ಅಳಿಸಿದರೆ ಸಾಲದು, ಹೊಸ ಕೀಗೆ ಸ್ವೀಪ್ ಮಾಡಬೇಕು.

ಕಾಗದಕ್ಕಿಂತ ಲೋಹ ವಾಸಿ. ಹರಿಹರಕ್ಕೆ ಇದನ್ನು ಹೊರಗಿನವರು ಹೇಳಿಕೊಡಬೇಕಿಲ್ಲ. 1940ರ ದಶಕದಿಂದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ತಯಾರಿಸಿದ ಊರು ಇದು. ಕಾರ್ಖಾನೆ ಮುಚ್ಚಿದರೂ ಉಕ್ಕಿನ ಗುಣ ಬಲ್ಲವರು ಮನೆಮನೆಯಲ್ಲಿದ್ದಾರೆ. ಅಂಗೈ ಅಗಲದ ಸ್ಟೇನ್‌ಲೆಸ್ ಸ್ಟೀಲ್ ತಗಡು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಇಂಗ್ಲಿಷ್ ಅಕ್ಷರದ ಪಂಚ್ ಸೆಟ್ಟು, ಒಂದು ಸುತ್ತಿಗೆ, ಕೆಳಗೆ ಗಟ್ಟಿ ದಿಮ್ಮಿ ಇದ್ದರೆ ಸಾಕು. ಹನ್ನೆರಡು ಪದಕ್ಕೆ ತಲಾ ನಾಲ್ಕಕ್ಷರ, ಅಂದರೆ ಹೆಚ್ಚೆಂದರೆ 48 ಏಟು. ಮನೆಗೆ ಬೆಂಕಿ ಬಿದ್ದರೂ ಈ ಉಕ್ಕು ಕರಗುವಷ್ಟು ಶಾಖ ಸಾಮಾನ್ಯವಾಗಿ ಏರುವುದಿಲ್ಲ. ಅದು ಕರಗಲು 1400 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬೇಕು. ಆದರೆ ಏಟು ನಿಮ್ಮ ಕೈಯದೇ ಆಗಿರಬೇಕು. ವರ್ಕ್‌ಶಾಪ್‌ಗೆ ಕೊಟ್ಟು ಕೆತ್ತಿಸಿದರೆ ಕೆತ್ತಿದವನಿಗೂ ಕೀ ಗೊತ್ತಾಯಿತು.

ಇಷ್ಟೆಲ್ಲ ಕಷ್ಟ ಯಾಕೆ, ಎಕ್ಸ್‌ಚೇಂಜ್‌ನಲ್ಲೇ ಇರಲಿ ಬಿಡಿ ಎನ್ನುವವರ ಮಾತಿಗೂ ತೂಕವಿದೆ. ಪಾಸ್‌ವರ್ಡ್ ಮರೆತರೆ ಅಲ್ಲಿ ಆಧಾರ್, ಪಾನ್ ತೋರಿಸಿ ಮತ್ತೆ ಪಡೆಯಬಹುದು. 2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಆದರೆ ಕೀ ಅವರ ಬಳಿ ಇದ್ದಾಗ ಏನಾಗಬಹುದು ಎಂಬುದನ್ನು 2024ರ ಜುಲೈ 18 ತೋರಿಸಿತು. ಅಂದು ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನ ವಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್, ಅಂದರೆ ಅಂದಾಜು 2,000 ಕೋಟಿ ರೂಪಾಯಿ ಹೋಯಿತು. ಅದು ಒಂದೇ ಕೀಯ ವಾಲೆಟ್ ಕೂಡ ಅಲ್ಲ. ಆರು ಸಹಿದಾರರಲ್ಲಿ ನಾಲ್ವರು ಒಪ್ಪಬೇಕಿತ್ತು, ಅವರಲ್ಲಿ ಒಂದು ಸಹಿ ಹೊರಗಿನ ಸಂಸ್ಥೆಯದು. ಪರದೆ ತೋರಿಸಿದ್ದೊಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ. ಉತ್ತರ ಕೊರಿಯಾದ ಹ್ಯಾಕರ್‌ಗಳ ಕೃತ್ಯವೆಂದು ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ 2025ರ ಜನವರಿಯಲ್ಲಿ ಜಂಟಿಯಾಗಿ ಹೇಳಿದವು. ಗ್ರಾಹಕರು ಸಿಂಗಪುರದ ನ್ಯಾಯಾಲಯದ ಕಡೆ ನೋಡುತ್ತ ವರ್ಷಕ್ಕೂ ಹೆಚ್ಚು ಕಾಲ ಕಾದರು. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಎಂಬ ಇನ್ನೊಂದು ಎಕ್ಸ್‌ಚೇಂಜ್‌ನಿಂದ ಸುಮಾರು 4.4 ಕೋಟಿ ಡಾಲರ್ ಕಳುವಾಯಿತು. ಅದು ಕಂಪನಿಯ ಸ್ವಂತ ಖಾತೆ, ಗ್ರಾಹಕರ ಹಣ ಸುರಕ್ಷಿತ ಎಂದು ಸಂಸ್ಥೆ ಹೇಳಿತು. ಕ್ರಿಪ್ಟೊ ಕೂಡ ಸ್ವತ್ತೇ, ಅದನ್ನು ಇನ್ನೊಬ್ಬರ ಪರವಾಗಿ ಹಿಡಿದಿಟ್ಟುಕೊಳ್ಳಬಹುದು ಎಂದು ಮದ್ರಾಸ್ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ವಜೀರ್‌ಎಕ್ಸ್ ಗ್ರಾಹಕರೊಬ್ಬರ ಅರ್ಜಿಯಲ್ಲಿ ಹೇಳಿದ್ದು ಮಹತ್ವದ ಮಾತು.

ನನ್ನ ಲೆಕ್ಕ ಹೀಗಿದೆ. ತಿಂಗಳೊಪ್ಪತ್ತಿನಲ್ಲಿ ಮಾರುವ ಮೊತ್ತ ಎಕ್ಸ್‌ಚೇಂಜ್‌ನಲ್ಲಿರಲಿ. ವರ್ಷಗಟ್ಟಲೆ ಇಡುವುದು ಸ್ವಂತ ಕೀಯಲ್ಲಿರಲಿ. ಬಹು ಸಹಿಯ ವಾಲೆಟ್ ಕುಟುಂಬವೊಂದಕ್ಕೆ ಬೇಕೇ ಎಂದರೆ, ಮೊತ್ತ ಮನೆ ಕೊಳ್ಳುವಷ್ಟಿದ್ದರೆ ಮಾತ್ರ ಎನ್ನುತ್ತೇನೆ. ಮೂರು ಕೀಗಳಲ್ಲಿ ಎರಡರ ಸಹಿ ಸಾಕಾಗುವ ವಾಲೆಟ್ ಆದರೆ, ಆ ಕೀಗಳ ಪದ ಇಟ್ಟರೆ ಸಾಲದು, ವಾಲೆಟ್ ಯಾವ ಮೂರರಿಂದ ಹೇಗೆ ಕಟ್ಟಿದ್ದು ಎಂಬ ವಿವರದ ಕಡತವೂ ಬೇಕು. ಅದಿಲ್ಲದೆ ಎರಡು ಕೀ ಕೈಯಲ್ಲಿದ್ದೂ ಹಣ ಸಿಗದಿರಬಹುದು. ಇನ್ನು ಊರೂರಿಗೆ ಬಂದು ಹೋಟೆಲಿನಲ್ಲಿ ಸಭೆ ಮಾಡಿ, ಆಳು ಸೇರಿಸಿದರೆ ಕಾಯಿನ್ ಕೊಡುತ್ತೇವೆ ಎನ್ನುವ ಯೋಜನೆಗಳಿವೆಯಲ್ಲ, ಅವುಗಳನ್ನು ಪರೀಕ್ಷಿಸಲು ಒಂದೇ ಪ್ರಶ್ನೆ ಸಾಕು: ನನ್ನ ಕಾಯಿನ್ ಈಗಲೇ ನನ್ನ ಸ್ವಂತ ವಾಲೆಟ್‌ಗೆ ಕಳಿಸಿ ತೋರಿಸಿ. ಕಳಿಸಲಾಗದಿದ್ದರೆ ಅಲ್ಲಿ ಕಾಯಿನ್ ಇಲ್ಲ.

ಮನೆಯವರಿಗೆ ಹೇಳುವುದು ಬಿಡುವುದು ಎಲ್ಲಕ್ಕಿಂತ ಕಠಿಣ ಪ್ರಶ್ನೆ. ಕೆನಡಾದ ಕ್ವಾಡ್ರಿಗಾ ಎಕ್ಸ್‌ಚೇಂಜ್‌ನ ಒಡೆಯ ಜೆರಾಲ್ಡ್ ಕಾಟನ್ 2018ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದು ನಮ್ಮ ಜೈಪುರದಲ್ಲಿ. ಕೀ ಅವನೊಬ್ಬನಿಗೇ ಗೊತ್ತಿತ್ತು ಎಂದು ಕಂಪನಿ ಕೈಚೆಲ್ಲಿತು. ಗ್ರಾಹಕರ ಹಣವನ್ನು ಅವನೇ ಮೊದಲೇ ವಂಚಿಸಿ ಬಳಸಿದ್ದ ಎಂದು ಆಮೇಲೆ ಒಂಟಾರಿಯೊ ನಿಯಂತ್ರಕರು ಕಂಡುಕೊಂಡರು, ಅದು ಬೇರೆ ಮಾತು. ಸಾಮಾನ್ಯ ಮನೆಯಲ್ಲಿ ವಂಚನೆಯೇ ಇಲ್ಲದೆ ಹಾಗಾಗುತ್ತದೆ. ಬ್ಯಾಂಕ್ ಖಾತೆಗೆ ನಾಮಿನಿ ಇರುತ್ತಾರೆ, ಕೀಗೆ ಇರುವುದಿಲ್ಲ. ಪದಗಳನ್ನು ಮನೆಯವರಿಗೆ ಹೇಳಬೇಕಿಲ್ಲ, ತಗಡು ಎಲ್ಲಿದೆ ಎಂದು ಒಬ್ಬರಿಗಾದರೂ ಗೊತ್ತಿರಬೇಕು. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ದಾವಣಗೆರೆಯ ಬ್ಯಾಂಕ್ ಲಾಕರ್‌ನಲ್ಲಿ, ಲಾಕರ್‌ಗೆ ನಾಮಿನಿ ಹೆಸರು: ಇಷ್ಟು ಸಾಕಾಗುತ್ತದೆ. ಬೆಂಕಿ, ಕಳ್ಳತನ, ನೌಕರರ ವಂಚನೆಯಿಂದ ಲಾಕರ್‌ನ ವಸ್ತು ಹೋದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟಿಗೆ ಸೀಮಿತ, ಪ್ರಕೃತಿ ವಿಕೋಪಕ್ಕೆ ಅದೂ ಇಲ್ಲ. ಅದಕ್ಕೇ ಎರಡು ಪ್ರತಿ, ಎರಡು ಊರಾದರೆ ಮತ್ತೂ ಒಳ್ಳೆಯದು. ದಾವಣಗೆರೆಗೂ ಹರಿಹರಕ್ಕೂ ನಡುವೆ ಹದಿನಾಲ್ಕು ಕಿಲೋಮೀಟರ್ ಅಷ್ಟೇ.

ತೆರಿಗೆ ಬಗ್ಗೆ ಚುಟುಕಾಗಿ. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಜುಲೈನಿಂದ ಮಾರಾಟಕ್ಕೆ ಶೇ 1 ಟಿಡಿಎಸ್ ಇದೆ. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ನಮ್ಮದೇ ಹಳೇ ವಾಲೆಟ್‌ನಿಂದ ನಮ್ಮದೇ ಹೊಸದಕ್ಕೆ ಸಾಗಿಸುವಾಗ ಒಡೆತನ ಬದಲಾಗದ ಕಾರಣ ಅದು ಮಾರಾಟವಲ್ಲ. ಆದರೆ ಮುಂದೆ ಮಾರಿದಾಗ ಕೊಂಡ ಬೆಲೆ ತೋರಿಸಬೇಕು. ಮುಚ್ಚಿದ ಎಕ್ಸ್‌ಚೇಂಜ್‌ನಿಂದ ಬಂದ ಇಮೇಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಸಾಗಣೆಯ ಟ್ರಾನ್ಸಾಕ್ಷನ್ ಸಂಖ್ಯೆ ಮೂರನ್ನೂ ಒಂದೇ ಕಡತದಲ್ಲಿಡಿ. ಮೋಸ ಹೋದರೆ 1930ಕ್ಕೆ ಕರೆ ಮಾಡಿ, ದಾವಣಗೆರೆಯ ಸಿಇಎನ್ ಠಾಣೆಗೆ ಹೋಗಿ. ಸಾಗಿದ ಕಾಯಿನ್ ವಾಪಸ್ ಕರೆಯುವ ಅಧಿಕಾರ ಯಾರಿಗೂ ಇಲ್ಲ, ಬಹುಮಟ್ಟಿಗೆ ಅದು ಎಕ್ಸ್‌ಚೇಂಜ್ ಒಂದನ್ನು ಮುಟ್ಟಿದಾಗಲೇ ತಡೆಯಲು ಸಾಧ್ಯ; ಆದ್ದರಿಂದ ಬೇಗ ಹೋದಷ್ಟೂ ಒಳ್ಳೆಯದು. ಹೋದ ಕಾಯಿನ್ ತಂದುಕೊಡುತ್ತೇವೆ, ಮುಂಗಡ ಕೊಡಿ ಎನ್ನುವವರು ಎರಡನೇ ಸಲ ದೋಚಲು ಬಂದವರು.

ಖಾಲಿಯಾದ ಹಳೇ ಕೀಯನ್ನು ಏನು ಮಾಡುವುದು? ಹರಿದು ಹಾಕಬೇಡಿ. ಹಿಂದೆ ಎಲ್ಲೋ ಕೊಟ್ಟ ಹಳೇ ವಿಳಾಸಕ್ಕೆ ತಡವಾಗಿ ಹಣ ಬರಬಹುದು, ಮರೆತ ಟೋಕನ್ ಅದರಲ್ಲೇ ಉಳಿದಿರಬಹುದು. 2017ರ ಆಗಸ್ಟ್ 1ಕ್ಕೆ ಮುಂಚಿನಿಂದ ಆ ಕೀಯಲ್ಲಿ ಬಿಟ್‌ಕಾಯಿನ್ ಇದ್ದಿದ್ದರೆ, ಅಂದು ಕವಲೊಡೆದ ಬಿಟ್‌ಕಾಯಿನ್ ಕ್ಯಾಶ್ ಕೂಡ ಅಷ್ಟೇ ಸಂಖ್ಯೆಯಲ್ಲಿ ಅದೇ ಕೀಗೆ ಸೇರಿದೆ. ಅದನ್ನು ಪಡೆಯಲು ಬೇರೆ ವಾಲೆಟ್‌ಗೆ ಹಳೇ ಕೀ ಕೊಡಬೇಕಾಗುತ್ತದೆ. ಅದೇ ವರ್ಷದ ಕೊನೆಯಲ್ಲಿ ಬಿಟ್‌ಕಾಯಿನ್ ಗೋಲ್ಡ್ ಕವಲಾದಾಗ, ನಿಮ್ಮ ಪಾಲು ತೋರಿಸುತ್ತೇವೆ ಎಂದು ಕೀ ಹಾಕಿಸಿಕೊಂಡ ನಕಲಿ ತಾಣವೊಂದು 30 ಲಕ್ಷ ಡಾಲರಿಗೂ ಹೆಚ್ಚು ಮೊತ್ತದ ಅಸಲಿ ಬಿಟ್‌ಕಾಯಿನ್ನನ್ನೇ ಗುಡಿಸಿತ್ತು. ಹಾಗಾಗಿ ಕ್ರಮ ತಪ್ಪಬಾರದು: ಮೊದಲು ಬಿಟ್‌ಕಾಯಿನ್ ಪೂರ್ತಿ ಹೊಸ ಕೀಗೆ ಸಾಗಿ ಖಚಿತವಾಗಬೇಕು, ಆಮೇಲೆ ಖಾಲಿ ಕೀಯನ್ನು ಮಾತ್ರ ಕವಲಿನ ವಾಲೆಟ್‌ಗೆ ಹಾಕಬೇಕು. ಹಳೇ ಫೋನನ್ನು ಎಕ್ಸ್‌ಚೇಂಜ್ ಆಫರ್‌ಗೆ ಮೊಬೈಲ್ ಅಂಗಡಿಗೆ ಕೊಡುವುದಿದ್ದರೆ ಅದು ಇವೆಲ್ಲ ಮುಗಿದ ಮೇಲೆ, ಫ್ಯಾಕ್ಟರಿ ರೀಸೆಟ್ ಮಾಡಿದ ಮೇಲೆ.